ಸ್ಕ್ಯಾನ್ ನಾರ್ಮಲ್, ಆದರೂ ಕೈಕಾಲು ಜೋಮು: ಕಾಯಿಲೆಗೆ ಹೆಸರು ಸಿಗುವವರೆಗೆ ಏನು ಮಾಡಬೇಕು?

ಕೈ ಜೋಮು ಹಿಡಿಯುತ್ತದೆ. ನಡೆಯುವಾಗ ಒಂದು ಕಾಲು ಎಳೆದಂತಾಗುತ್ತದೆ. ಕೆಲವೊಮ್ಮೆ ಎರಡು ನಿಮಿಷ ಎಲ್ಲಿದ್ದೇವೆ ಎಂಬುದೇ ತಿಳಿಯುವುದಿಲ್ಲ. ಸಾಲ ಮಾಡಿ ಎಂಆರ್‌ಐ ಮಾಡಿಸಿದರೆ ರಿಪೋರ್ಟಿನಲ್ಲಿ "ನಾರ್ಮಲ್" ಎಂದು ಬರೆದಿರುತ್ತದೆ. ಮನೆಯವರು "ಏನೂ ಇಲ್ಲವಂತಲ್ಲ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ" ಎನ್ನುತ್ತಾರೆ. ಕೆಲಸದ ಕಡೆ "ರಜೆಗೆ ಇದೊಂದು ನೆಪ" ಎಂಬ ಮಾತು. ಅಷ್ಟರಲ್ಲಿ ವಾಟ್ಸಾಪ್ ಗ್ರೂಪಿನಲ್ಲಿ "ನರ ದೌರ್ಬಲ್ಯಕ್ಕೆ ರಾಮಬಾಣ" ಎಂಬ ಪುಡಿಯ ವಿಡಿಯೊ ಬಂದು ಬೀಳುತ್ತದೆ.

ಹೀಗೆ ತಿಂಗಳುಗಟ್ಟಲೆ ಹೆಸರಿಲ್ಲದ ಕಾಯಿಲೆಯೊಂದಿಗೆ ಬದುಕುವವರು ನಮ್ಮ ನಡುವೆಯೇ ಇದ್ದಾರೆ. ಅವರಿಗೆ ಕಾಯಿಲೆಯಷ್ಟೇ ನೋವು ಕೊಡುವುದು ಯಾರೂ ನಂಬದಿರುವುದು. ಈ ಬರಹ ಅವರಿಗಾಗಿ, ಅವರ ಮನೆಯವರಿಗಾಗಿ.

ಮೊದಲೇ ಒಂದು ಮಾತು: ಹೆಸರು ಸಿಕ್ಕಿಲ್ಲ ಎಂದರೆ ಕಾಯಿಲೆ ಇಲ್ಲ ಎಂದಲ್ಲ. ಹೆಸರು ಸಿಗುವವರೆಗೆ ಸುಮ್ಮನೆ ಕೂರಬೇಕಾಗಿಯೂ ಇಲ್ಲ.

ಎಂಆರ್‌ಐ ನಾರ್ಮಲ್ ಬಂದರೆ ಏನೂ ಇಲ್ಲ ಎಂದರ್ಥವೇ?

ಅಲ್ಲ. ಎಂಆರ್‌ಐ ಮೆದುಳಿನ ಆಕಾರವನ್ನು ತೋರಿಸುತ್ತದೆ. ಗಡ್ಡೆ, ರಕ್ತಸ್ರಾವ, ಊತ, ಹಳೆಯ ಗಾಯದ ಗುರುತು ಇದ್ದರೆ ಅದರಲ್ಲಿ ಕಾಣುತ್ತದೆ. ಆದರೆ ಮೆದುಳು ಕೆಲಸ ಮಾಡುವ ರೀತಿಯಲ್ಲಿನ ಎಲ್ಲ ಏರುಪೇರು ಅದಕ್ಕೆ ಕಾಣುವುದಿಲ್ಲ. ಮನೆಯ ವೈರಿಂಗಿನ ಫೋಟೊ ತೆಗೆದರೆ ತಂತಿ ತುಂಡಾಗಿರುವುದು ಕಾಣಬಹುದು, ಕರೆಂಟು ಬಿಟ್ಟು ಬಿಟ್ಟು ಬರುತ್ತಿರುವುದು ಕಾಣುವುದಿಲ್ಲ. ಇದೂ ಹಾಗೆಯೇ.

ಮೈಗ್ರೇನ್ ಇರುವವರ ಸ್ಕ್ಯಾನ್ ಸಾಮಾನ್ಯವಾಗಿ ನಾರ್ಮಲ್ ಇರುತ್ತದೆ. ಅಪಸ್ಮಾರ, ಅಂದರೆ ಫಿಟ್ಸ್ ಕಾಯಿಲೆ ಇರುವ ಅನೇಕರದ್ದೂ ಅಷ್ಟೆ. ಮೆದುಳಿನ ವಿದ್ಯುತ್ ಚಟುವಟಿಕೆ ಅಳೆಯುವ ಇಇಜಿ ಪರೀಕ್ಷೆಗೂ ಮಿತಿಯಿದೆ. ಅದು ಸಾಮಾನ್ಯವಾಗಿ ಅರ್ಧ ಗಂಟೆಯಷ್ಟು ಹೊತ್ತು ನಡೆಯುತ್ತದೆ. ಆ ಅರ್ಧ ಗಂಟೆಯಲ್ಲಿ ಮೆದುಳು ಶಾಂತವಾಗಿದ್ದರೆ ಹಾಳೆಯ ಮೇಲೆ ಏನೂ ಮೂಡುವುದಿಲ್ಲ. ಅಪಸ್ಮಾರ ಇರುವವರಲ್ಲೇ ಸುಮಾರು ಅರ್ಧದಷ್ಟು ಜನರಿಗೆ ಮೊದಲ ಇಇಜಿ ನಾರ್ಮಲ್ ಬರಬಹುದು.

ಕೈಕಾಲಿನ ನರಗಳನ್ನು ಪರೀಕ್ಷಿಸುವ ನರ್ವ್ ಕಂಡಕ್ಷನ್ ಪರೀಕ್ಷೆ ದಪ್ಪ ನರಗಳನ್ನು ಮಾತ್ರ ಅಳೆಯುತ್ತದೆ. ಉರಿ, ಬಿಸಿ, ತಣ್ಣಗೆ ತಿಳಿಸುವ ಸಣ್ಣ ನರಗಳು ಕೆಟ್ಟಿದ್ದರೆ ಅಂಗಾಲು ಬೆಂಕಿಯಂತೆ ಉರಿಯುತ್ತಿದ್ದರೂ ರಿಪೋರ್ಟ್ ಸರಿಯಾಗಿಯೇ ಬರುತ್ತದೆ.

ಹಾಗಾದರೆ ಪರೀಕ್ಷೆಗಳು ದಂಡವೇ? ಖಂಡಿತ ಅಲ್ಲ. ಸ್ಕ್ಯಾನ್ ನಾರ್ಮಲ್ ಎಂದರೆ ಕೆಲವು ದೊಡ್ಡ ಅಪಾಯಗಳು ಇರುವ ಸಾಧ್ಯತೆ ಕಡಿಮೆಯಾಯಿತು ಎಂದರ್ಥ. ಅದು ಒಳ್ಳೆಯ ಸುದ್ದಿ. ಆದರೆ ಹುಡುಕಾಟ ಮುಗಿಯಿತು ಎಂದರ್ಥವಲ್ಲ.

ಹೆಸರು ಸಿಗಲು ಇಷ್ಟು ತಡ ಯಾಕೆ?

ನರಸಂಬಂಧಿ ಕಾಯಿಲೆಗಳು ಒಂದರಂತೆ ಒಂದು ಕಾಣುತ್ತವೆ. ಜೋಮಿಗೆ ವಿಟಮಿನ್ ಬಿ12 ಕೊರತೆ, ಸಕ್ಕರೆ ಕಾಯಿಲೆ, ಥೈರಾಯ್ಡ್, ಕುತ್ತಿಗೆಯ ಡಿಸ್ಕ್, ಮದ್ಯ, ಯಾವುದೋ ಮಾತ್ರೆ, ಯಾವುದಾದರೂ ಕಾರಣವಾಗಿರಬಹುದು.

ಕೆಲವು ಕಾಯಿಲೆಗಳು ಬಂದು ಹೋಗುತ್ತವೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಒಮ್ಮೆ ಕಣ್ಣು ಮಂಜಾಗಿ ಕೆಲವು ವಾರಗಳಲ್ಲಿ ಸರಿಹೋಗಬಹುದು, ಆಮೇಲೆ ಯಾವಾಗಲೋ ಕಾಲಿಗೆ ಜೋಮು ಬರಬಹುದು. ಮಯಸ್ತೇನಿಯಾ ಗ್ರೇವಿಸ್ ಇರುವವರಿಗೆ ಬೆಳಿಗ್ಗೆ ಚೆನ್ನಾಗಿಯೇ ಇದ್ದು, ಸಂಜೆಯ ಹೊತ್ತಿಗೆ ರೆಪ್ಪೆ ಜೋತುಬೀಳುತ್ತದೆ, ಅಗಿಯುವುದಕ್ಕೂ ಆಯಾಸವಾಗುತ್ತದೆ. ಬೆಳಿಗ್ಗೆ ಹತ್ತು ಗಂಟೆಯ ಓಪಿಡಿಯಲ್ಲಿ ನೋಡಿದ ವೈದ್ಯರಿಗೆ ಸಂಜೆಯ ಕಷ್ಟ ಕಾಣದೇ ಹೋಗಬಹುದು.

ಇನ್ನು ಕೆಲವು ಕಾಯಿಲೆಗಳನ್ನು ಇಂದಿಗೂ ಮುಖ್ಯವಾಗಿ ಕಣ್ಣಿನಿಂದ ನೋಡಿ, ಮಾತು ಕೇಳಿ ಪತ್ತೆ ಮಾಡುತ್ತಾರೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ನಡುಕದ ಕಾಯಿಲೆಯ ಬಗ್ಗೆ ಬರೆದಾಗ ಅವರ ಮುಂದಿದ್ದದ್ದು ಆರೇ ಜನ. ಅವರಲ್ಲಿ ಕೆಲವರನ್ನು ಅವರು ಬೀದಿಯಲ್ಲಿ ಕಂಡಿದ್ದಷ್ಟೆ. ಆಗ ಎಕ್ಸ್‌ರೇ ಕೂಡ ಇರಲಿಲ್ಲ. ಈಗ ಸ್ಕ್ಯಾನ್‌ಗಳಿದ್ದರೂ ಪಾರ್ಕಿನ್ಸನ್ ಕಾಯಿಲೆಯನ್ನು ಗುರುತಿಸುವುದು ರೋಗಿಯ ನಡಿಗೆ, ನಡುಕ, ಚಲನೆಯ ನಿಧಾನ ನೋಡಿಯೇ.

ನಮ್ಮದೇ ನಾಡಿನ ಉದಾಹರಣೆ: ಬಿಸಿನೀರಿನ ಅಪಸ್ಮಾರ

ಸ್ನಾನದ ಮನೆಯಲ್ಲಿ ಚೊಂಬಿನಿಂದ ತಲೆಗೆ ಒಂದೇ ಸಮನೆ ಬಿಸಿನೀರು ಸುರಿದುಕೊಳ್ಳುವಾಗ ಕೆಲವರಿಗೆ ಮಂಕು ಕವಿಯುತ್ತದೆ. ಮಾತು ತೊದಲುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಬೇರೆ ಹೊತ್ತಿನಲ್ಲಿ ಅವರು ಆರೋಗ್ಯವಾಗಿಯೇ ಇರುತ್ತಾರೆ. ಇದಕ್ಕೆ ಬಿಸಿನೀರಿನ ಅಪಸ್ಮಾರ ಎಂದು ಹೆಸರು. ದಕ್ಷಿಣ ಕರ್ನಾಟಕದಲ್ಲಿ ಇದು ಹೆಚ್ಚಾಗಿ ಕಂಡುಬಂದಿದ್ದು, ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಇದರ ಅಧ್ಯಯನ ಮಾಡಿದ್ದಾರೆ.

ಇಲ್ಲಿ ಸ್ಕ್ಯಾನ್ ಸಾಮಾನ್ಯವಾಗಿ ನಾರ್ಮಲ್. ಎರಡು ಫಿಟ್ಸ್‌ಗಳ ನಡುವಿನ ಇಇಜಿಯೂ ಹೆಚ್ಚಾಗಿ ನಾರ್ಮಲ್. ಕಾಯಿಲೆಯನ್ನು ಹಿಡಿದುಕೊಡುವುದು ಒಂದೇ ಒಂದು ವಾಕ್ಯ: "ತಲೆಗೆ ಬಿಸಿನೀರು ಹಾಕಿಕೊಂಡಾಗ ಮಾತ್ರ ಹೀಗಾಗುತ್ತದೆ." ಆ ವಾಕ್ಯ ವೈದ್ಯರ ಕಿವಿಗೆ ಬಿದ್ದರೆ ದಾರಿ ಸಿಗುತ್ತದೆ. ನೀರಿನ ಬಿಸಿ ಕಡಿಮೆ ಮಾಡಲು ಹೇಳುತ್ತಾರೆ, ಕೆಲವರಿಗೆ ಮಾತ್ರೆಯನ್ನೂ ಕೊಡುತ್ತಾರೆ. ಆ ವಾಕ್ಯ ಹೇಳದೇ ಉಳಿದರೆ "ಗಾಳಿ ಸೋಕಿದೆ" ಎಂದು ವರ್ಷಗಟ್ಟಲೆ ತಾಯತ ಕಟ್ಟಿಸುತ್ತಾ ಇರಬೇಕಾಗುತ್ತದೆ.

ಅದಕ್ಕೇ ನಿಮ್ಮ ಲಕ್ಷಣದ ವಿವರವೂ ಒಂದು ಪರೀಕ್ಷೆಯೇ. ಅದನ್ನು ಸರಿಯಾಗಿ ಬರೆದಿಡಬಲ್ಲವರು ನೀವು ಮಾತ್ರ.

ಕಾಯಬಾರದ ಲಕ್ಷಣಗಳು

ಬರೆದಿಡುವುದು ನಿಧಾನದ ಕೆಲಸ. ಈ ಕೆಳಗಿನವು ಕಂಡರೆ ಬರೆಯುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ ಅಥವಾ ಕೂಡಲೇ ಆಸ್ಪತ್ರೆಗೆ ಹೋಗಿ.

- ಇದ್ದಕ್ಕಿದ್ದಂತೆ ಮುಖ ಒಂದು ಕಡೆ ವಾಲುವುದು, ಒಂದು ಕೈ ಅಥವಾ ಕಾಲಿನ ಶಕ್ತಿ ಹೋಗುವುದು, ಮಾತು ತೊದಲುವುದು. ಇದು ಲಕ್ವ ಆಗಿರಬಹುದು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋದರೂ ಅಂದೇ ತೋರಿಸಿ. ಅದು ದೊಡ್ಡ ಲಕ್ವದ ಮುನ್ಸೂಚನೆಯಾಗಿರಬಹುದು.
- ಸಿಡಿಲು ಬಡಿದಂತೆ ಒಮ್ಮೆಲೇ ಬಂದ, ಹಿಂದೆಂದೂ ಕಾಣದಷ್ಟು ಜೋರಾದ ತಲೆನೋವು.
- ಜ್ವರದ ಜೊತೆ ಕುತ್ತಿಗೆ ಬಿಗಿತ, ಗೊಂದಲದ ಮಾತು.
- ಐದು ನಿಮಿಷ ಕಳೆದರೂ ನಿಲ್ಲದ ಫಿಟ್ಸ್, ಅಥವಾ ಎಚ್ಚರವಾಗುವ ಮೊದಲೇ ಮತ್ತೊಂದು ಫಿಟ್ಸ್.
- ಗರ್ಭಿಣಿ ಅಥವಾ ಬಾಣಂತಿಗೆ ಫಿಟ್ಸ್, ಜೋರು ತಲೆನೋವು, ಕಣ್ಣು ಮಂಜಾಗುವುದು.
- ಪಾದದಿಂದ ಶುರುವಾದ ನಿಶ್ಶಕ್ತಿ ಕೆಲವೇ ದಿನಗಳಲ್ಲಿ ಮೇಲೇರುವುದು, ಉಸಿರಾಡಲು ಅಥವಾ ನುಂಗಲು ಕಷ್ಟ.
- ಬೆನ್ನುನೋವಿನ ಜೊತೆ ತೊಡೆಯ ಸಂದಿಯಲ್ಲಿ ಸ್ಪರ್ಶ ತಿಳಿಯದಿರುವುದು, ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು.
- ಇದ್ದಕ್ಕಿದ್ದಂತೆ ಕಣ್ಣು ಕಾಣದಾಗುವುದು.

"ಹೋದ ಸಲ ಹೋದಾಗ ಏನೂ ಇಲ್ಲ ಅಂದರು, ಮತ್ತೆ ಹೋದರೆ ನಗುತ್ತಾರೆ" ಎಂಬ ಸಂಕೋಚ ಇಂಥ ಹೊತ್ತಿನಲ್ಲಿ ಬೇಡ. ಹೊಸ ಲಕ್ಷಣ ಬಂದರೆ ಹಳೆಯ ನಾರ್ಮಲ್ ರಿಪೋರ್ಟ್ ಲೆಕ್ಕಕ್ಕಿಲ್ಲ.

ಒಂದು ನೋಟ್‌ಬುಕ್, ಆರು ಪ್ರಶ್ನೆ

ಮಕ್ಕಳ ಹಳೆಯ ನೋಟ್‌ಬುಕ್ ಸಾಕು, ಮೊಬೈಲ್ ಆದರೂ ಆಗುತ್ತದೆ. ಪ್ರತಿ ಸಲ ಲಕ್ಷಣ ಬಂದಾಗ ಇಷ್ಟು ಬರೆಯಿರಿ.

1. ಯಾವ ದಿನ, ಎಷ್ಟು ಹೊತ್ತಿಗೆ?
2. ಆಗ ಏನು ಮಾಡುತ್ತಿದ್ದಿರಿ? ಸ್ನಾನ, ಬಿಸಿಲು, ಉಪವಾಸ, ನಿದ್ದೆಗೆಟ್ಟಿದ್ದು, ಮುಟ್ಟಿನ ದಿನ, ಎಲ್ಲವೂ ಮುಖ್ಯ.
3. ದೇಹದ ಯಾವ ಭಾಗದಲ್ಲಿ ಶುರುವಾಯಿತು, ಎಲ್ಲಿಗೆ ಹರಡಿತು?
4. ಎಷ್ಟು ನಿಮಿಷ ಅಥವಾ ಗಂಟೆ ಇತ್ತು?
5. ಆಗ ಪ್ರಜ್ಞೆ ಇತ್ತೇ? ಆಮೇಲೆ ಹೇಗಿತ್ತು?
6. ಯಾವ ಕೆಲಸ ಮಾಡಲಾಗಲಿಲ್ಲ?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. "ತುಂಬಾ ಸುಸ್ತು" ಎಂದರೆ ವೈದ್ಯರಿಗೆ ಅಳತೆ ಸಿಗುವುದಿಲ್ಲ. "ಬಿಂದಿಗೆ ಎತ್ತಲು ಆಗುತ್ತಿಲ್ಲ", "ರವಿಕೆಯ ಹುಕ್ಕು ಹಾಕಲು ಬರುತ್ತಿಲ್ಲ", "ಚಪ್ಪಲಿ ಕಾಲಿನಿಂದ ಜಾರಿದ್ದೇ ತಿಳಿಯುವುದಿಲ್ಲ" ಎಂದರೆ ಯಾವ ನರ, ಯಾವ ಸ್ನಾಯು ಎಂದು ಅವರು ಯೋಚಿಸಲು ಶುರುಮಾಡುತ್ತಾರೆ.

ನಡುಕವೋ ಫಿಟ್ಸೋ ಬಂದಾಗ ಹತ್ತಿರ ಇರುವವರು ಮೊದಲು ರೋಗಿಗೆ ಪೆಟ್ಟಾಗದಂತೆ ನೋಡಿಕೊಂಡು, ಆಮೇಲೆ ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಕಣ್ಣು ತೆರೆದಿತ್ತೇ, ಮುಚ್ಚಿತ್ತೇ ಎಂಬುದೂ ವೈದ್ಯರಿಗೆ ಸುಳಿವು. ಈ ವಿಡಿಯೊ ವೈದ್ಯರಿಗೆ ಮಾತ್ರ, ಗ್ರೂಪಿಗೆ ಹಾಕಲು ಅಲ್ಲ.

ಓಪಿಡಿಯಲ್ಲಿ ನಿಮಗೆ ಸಿಗುವುದು ಕೆಲವೇ ನಿಮಿಷ. ನೋಟ್‌ಬುಕ್ಕಿನ ಸಾರವನ್ನು ಒಂದೇ ಹಾಳೆಗೆ ಇಳಿಸಿ: ಯಾವಾಗ ಶುರು, ಮುಖ್ಯ ಮೂರು ತೊಂದರೆ, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ ಮತ್ತು ನಾಟಿ ಔಷಧಿ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ. ಏಳುವ ಮೊದಲು ಒಂದು ಪ್ರಶ್ನೆ ಕೇಳಿ: "ಡಾಕ್ಟರೇ, ಇದು ಏನಿರಬಹುದು ಅಂತ ನಿಮಗೆ ಅನಿಸುತ್ತಿದೆ? ಏನಾದರೆ ನಾನು ಬೇಗ ವಾಪಸ್ ಬರಬೇಕು?"

ಮೊದಲು ನೋಡಬೇಕಾದ ಸುಲಭ ಕಾರಣಗಳು

ಸ್ಕ್ಯಾನ್‌ಗೆ ಹಣ ಹೊಂದಿಸುವ ಮೊದಲು ರಕ್ತಪರೀಕ್ಷೆಯಲ್ಲೇ ತಿಳಿಯುವ ಕಾರಣಗಳಿವೆ: ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್, ವಿಟಮಿನ್ ಬಿ12. ಇವುಗಳಲ್ಲಿ ಯಾವುದು ಬೇಕು ಎಂದು ಸ್ಥಳೀಯ ವೈದ್ಯರನ್ನೇ ಕೇಳಿ.

ಬಿ12 ಸಹಜವಾಗಿ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನ ಪದಾರ್ಥಗಳಲ್ಲಿ. ಹಾಲು ಮೊಸರು ಕಡಿಮೆ ಬಳಸುವ ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಅಥವಾ ಆಸಿಡಿಟಿ ಮಾತ್ರೆ ತೆಗೆದುಕೊಂಡವರಲ್ಲಿ, ವಯಸ್ಸಾದವರಲ್ಲಿ ಇದರ ಕೊರತೆ ಬರಬಹುದು. ಪಾದದ ಜೋಮು, ನಡಿಗೆಯ ತೂರಾಟ, ಮರೆವು ಇದರ ಲಕ್ಷಣಗಳು. ಬೇಗ ಗುರುತಿಸಿದರೆ ಚಿಕಿತ್ಸೆ ಸುಲಭ, ತುಂಬಾ ತಡವಾದರೆ ನರಕ್ಕಾದ ಹಾನಿ ಪೂರ್ತಿ ವಾಸಿಯಾಗದೇ ಉಳಿಯಬಹುದು.

ಚರ್ಮದ ಮೇಲೆ ಮಾಸಲು ಮಚ್ಚೆಯಿದ್ದು, ಅಲ್ಲಿ ಮುಟ್ಟಿದ್ದು ತಿಳಿಯದಿದ್ದರೆ ಕುಷ್ಠರೋಗವಿರಬಹುದೇ ಎಂದು ಪರೀಕ್ಷಿಸಿಕೊಳ್ಳಿ. ನಾಚಿಕೆ ಪಡುವ ಅಗತ್ಯವಿಲ್ಲ. 6 ಅಥವಾ 12 ತಿಂಗಳ ಮಾತ್ರೆಯಿಂದ ವಾಸಿಯಾಗುವ ಕಾಯಿಲೆ ಅದು, ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

"ಎಲ್ಲ ಮನಸ್ಸಿನದು" ಎಂದರೆ?

ಮೆದುಳಿನ ರಚನೆಗೆ ಹಾನಿಯಾಗದೆ, ಅದು ದೇಹಕ್ಕೆ ಸಂದೇಶ ಕಳಿಸುವ ರೀತಿ ಮಾತ್ರ ತಪ್ಪಿದಾಗಲೂ ಕೈಕಾಲು ಸೋಲುತ್ತದೆ, ಫಿಟ್ಸ್‌ನಂತೆ ನಡುಗುತ್ತದೆ, ಮಾತು ನಿಲ್ಲುತ್ತದೆ. ಇದಕ್ಕೆ ಫಂಕ್ಷನಲ್ ನ್ಯೂರಾಲಜಿಕಲ್ ಡಿಸಾರ್ಡರ್ ಎನ್ನುತ್ತಾರೆ. ಇದು ನಾಟಕವಲ್ಲ, ರೋಗಿ ಬೇಕೆಂದು ಮಾಡುವುದಲ್ಲ. ಬೇರೇನೂ ಸಿಗಲಿಲ್ಲ ಎಂದು ಕೊಡುವ ಹೆಸರೂ ಆಗಬಾರದು. ಇದನ್ನು ಗುರುತಿಸಲು ತನ್ನದೇ ಪರೀಕ್ಷಾ ವಿಧಾನಗಳಿವೆ. ಸೋತ ಕಾಲು ಇನ್ನೊಂದು ಕಾಲನ್ನು ಎತ್ತುವಾಗ ತಾನಾಗಿ ಶಕ್ತಿ ಪಡೆಯುವುದನ್ನು ನೋಡುವ ಹೂವರ್ ಪರೀಕ್ಷೆ 1908ರಿಂದಲೂ ಬಳಕೆಯಲ್ಲಿದೆ. ಫಿಸಿಯೋಥೆರಪಿ ಮತ್ತು ಮನೋಚಿಕಿತ್ಸೆಯಿಂದ ಅನೇಕರು ಸುಧಾರಿಸುತ್ತಾರೆ.

ಆದ್ದರಿಂದ ವೈದ್ಯರು ಮನೋವೈದ್ಯರ ಬಳಿ ಕಳಿಸಿದರೆ "ನನ್ನನ್ನು ಹುಚ್ಚ ಅಂದರು" ಎಂದುಕೊಂಡು ಬಿಟ್ಟುಬಿಡಬೇಡಿ. ಆದರೆ ಮೈಮುಟ್ಟಿ ಪರೀಕ್ಷೆಯನ್ನೇ ಮಾಡದೆ ಯಾರಾದರೂ "ಟೆನ್ಷನ್ ಅಷ್ಟೇ" ಎಂದರೆ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವ ಹಕ್ಕು ನಿಮಗಿದೆ.

ಫಾರ್ವರ್ಡ್ ಆಗುವ ನಾಲ್ಕು ಮಾತು, ಅವುಗಳ ವಾಸ್ತವ

ಹೇಳಿಕೆ: ಫಿಟ್ಸ್ ಬಂದಾಗ ಕೈಗೆ ಕಬ್ಬಿಣದ ಕೀ ಕೊಡಿ, ಈರುಳ್ಳಿ ಮೂಸಿಸಿ.
ವಾಸ್ತವ: ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ಕೀರ್ತಿ ಕೀಗೆ ಹೋಗುತ್ತದೆ. ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದ್ದು ಇಡಿ, ಗಡಿಯಾರ ನೋಡಿ.

ಹೇಳಿಕೆ: ಲಕ್ವ ಹೊಡೆದಾಗ ಬೆರಳ ತುದಿಗಳನ್ನು ಸೂಜಿಯಿಂದ ಚುಚ್ಚಿ ರಕ್ತ ತೆಗೆದರೆ ಸರಿಹೋಗುತ್ತದೆ.
ವಾಸ್ತವ: ಇದು ಸುಳ್ಳು. ಬೆರಳಿನ ರಕ್ತಕ್ಕೂ ಮೆದುಳಿನಲ್ಲಿ ಕಟ್ಟಿದ ಹೆಪ್ಪಿಗೂ ಸಂಬಂಧವಿಲ್ಲ. ಚುಚ್ಚುತ್ತಾ ಕೂತರೆ ಚಿಕಿತ್ಸೆಯ ಸಮಯ ಕಳೆದುಹೋಗುತ್ತದೆ.

ಹೇಳಿಕೆ: ನರದ ಶಕ್ತಿಗೆ ವಿಟಮಿನ್ ಮಾತ್ರೆ ಎಷ್ಟು ತಿಂದರೂ ತೊಂದರೆಯಿಲ್ಲ.
ವಾಸ್ತವ: ವಿಟಮಿನ್ ಬಿ6 ಅನ್ನು ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡರೆ ಅದರಿಂದಲೇ ನರ ಕೆಟ್ಟು ಜೋಮು ಬರುತ್ತದೆ. ಬಿ12 ಕೊರತೆ ಇರುವವರು ಫೋಲಿಕ್ ಆಸಿಡ್ ಮಾತ್ರ ತೆಗೆದುಕೊಂಡರೆ ರಕ್ತಹೀನತೆ ಸರಿಹೋದಂತೆ ಕಂಡು, ನರದ ಹಾನಿ ಒಳಗೊಳಗೇ ಮುಂದುವರಿಯಬಹುದು.

ಹೇಳಿಕೆ: ಇದು ಗಿಡಮೂಲಿಕೆ ಪುಡಿ, ಸೈಡ್ ಎಫೆಕ್ಟ್ ಇಲ್ಲ.
ವಾಸ್ತವ: ಏನೇನು ಬೆರೆಸಿದೆ ಎಂದು ಬರೆಯದ ಪುಡಿಯಲ್ಲಿ ಸ್ಟೀರಾಯ್ಡ್ ಇರಬಹುದು, ಸೀಸದಂಥ ಲೋಹ ಇರಬಹುದು. ಸೀಸ ತಾನೇ ನರಗಳಿಗೆ ವಿಷ. ಇಂಥದ್ದನ್ನು ನಂಬಿ ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದಂತೂ ಜೀವಕ್ಕೇ ಅಪಾಯ.

ಕಡಿಮೆ ಖರ್ಚಿನಲ್ಲಿ ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಿಮ್ಮನ್ನು ಮೊದಲಿನಿಂದ ಬಲ್ಲ ವೈದ್ಯರು. ತಿಂಗಳಿಗೊಬ್ಬ ಹೊಸ ವೈದ್ಯರನ್ನು ಹುಡುಕಿದರೆ ಪ್ರತಿ ಸಲ ಕಥೆ ಮೊದಲಿನಿಂದ ಶುರುವಾಗುತ್ತದೆ. ಎಲ್ಲ ರಿಪೋರ್ಟ್ ನೋಡುವ ಒಬ್ಬರು ಇರಲಿ, ಬೇಕಾದಾಗ ಅವರಿಂದಲೇ ನರರೋಗ ತಜ್ಞರಿಗೆ ಚೀಟಿ ಬರೆಸಿಕೊಳ್ಳಿ.

ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್ ಎಂಬ ಯೋಜನೆ ಶುರುಮಾಡಿತು. ಇದರಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳಿವೆ. ನಿಮ್ಮ ಜಿಲ್ಲೆಯಲ್ಲಿ ಅದು ಯಾವ ದಿನ ನಡೆಯುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯ ವಿಚಾರಣಾ ಕೌಂಟರಿನಲ್ಲೋ ಕೇಳಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸರ್ಕಾರಿ ಸಂಸ್ಥೆಗಳು. ದೂರ ಹೋಗಲಾಗದವರು ಇ-ಸಂಜೀವಿನಿ ಮೂಲಕ ಫೋನಿನಲ್ಲೇ ಸರ್ಕಾರಿ ವೈದ್ಯರ ಸಲಹೆ ಪಡೆಯಬಹುದು.

ಹಳೆಯ ರಿಪೋರ್ಟ್‌ಗಳನ್ನು ಕಳೆಯಬೇಡಿ, ಪ್ರತಿಯೊಂದರ ಫೋಟೊ ತೆಗೆದಿಡಿ. ರೋಗಿ ತನ್ನ ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಿಯಮವೇ ಹೇಳುತ್ತದೆ. ಗಾರ್ಮೆಂಟ್ಸ್, ಕಾರ್ಖಾನೆಗಳಲ್ಲಿ ಇಎಸ್‌ಐ ಇರುವವರಿಗೆ, ಅರ್ಹತೆಯ ಷರತ್ತು ಪೂರೈಸಿದ್ದರೆ, ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70ರಷ್ಟು ಸಿಗುತ್ತದೆ. ಕೆಲಸ ಬಿಡುವ ಮೊದಲು ಇದನ್ನು ವಿಚಾರಿಸಿ.

ಜೊತೆಗೆ ಯಾರೂ ಇಲ್ಲದಿದ್ದರೆ

ಪಿಜಿಯಲ್ಲಿ ಒಬ್ಬರೇ ಇರುವವರು, ಗಂಡ ಊರಲ್ಲಿಲ್ಲದ ಹೆಂಗಸರು, ಮಕ್ಕಳು ದೂರವಿರುವ ಹಿರಿಯರು ಮೊದಲು ಮನೆಯನ್ನು ಸುರಕ್ಷಿತ ಮಾಡಿಕೊಳ್ಳಿ.

- ಪ್ರಜ್ಞೆ ತಪ್ಪುವ ಅಥವಾ ಬೀಳುವ ತೊಂದರೆ ಇದ್ದರೆ ಬಚ್ಚಲು ಮನೆಯ ಚಿಲಕ ಹಾಕಬೇಡಿ. ಸ್ಟೂಲಿನ ಮೇಲೆ ಕೂತು, ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ.
- ಗಾಡಿ ಓಡಿಸುವುದು, ಬಾವಿ ಕೆರೆಗೆ ಒಬ್ಬರೇ ಇಳಿಯುವುದು, ಏಣಿ ಹತ್ತುವುದು ವೈದ್ಯರು ಹೇಳುವವರೆಗೆ ಬೇಡ.
- ಪಾದಕ್ಕೆ ಸ್ಪರ್ಶ ತಿಳಿಯದಿದ್ದರೆ ಬರಿಗಾಲಲ್ಲಿ ನಡೆಯಬೇಡಿ. ರಾತ್ರಿ ಮಲಗುವ ಮೊದಲು ಅಂಗಾಲು ನೋಡಿಕೊಳ್ಳಿ.
- ಮೊಬೈಲ್ ಲಾಕ್ ಸ್ಕ್ರೀನಿನಲ್ಲಿ ಹೆಸರು, ತೊಂದರೆ, ಮಾತ್ರೆ, ಒಬ್ಬರ ನಂಬರ್ ಕಾಣುವಂತೆ ಇಡಿ.
- ಚೆನ್ನಾಗಿರುವ ದಿನ ವಾರದ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸಲು ಹೋಗಬೇಡಿ, ಮರುದಿನ ಏಳಲಾಗುವುದಿಲ್ಲ. ಕೆಲಸ ಹಂಚಿಕೊಂಡು, ನಡುನಡುವೆ ಕೂತು ಮಾಡಿ.

ಸಹಾಯ ಕೇಳುವಾಗ ಚಿಕ್ಕದಾಗಿ, ಖಚಿತವಾಗಿ ಕೇಳಿ. "ನನ್ನನ್ನು ಯಾರೂ ನೋಡಿಕೊಳ್ಳುವುದಿಲ್ಲ" ಎಂದರೆ ಎದುರಿಗಿರುವವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಅಕ್ಕಾ, ಬುಧವಾರ ಬೆಳಿಗ್ಗೆ ಆಸ್ಪತ್ರೆಗೆ ಜೊತೆಗೆ ಬರ್ತೀರಾ?", "ರಾತ್ರಿ ಒಂಬತ್ತಕ್ಕೆ ನನ್ನ ಮೆಸೇಜ್ ಬರದಿದ್ದರೆ ಒಂದು ಫೋನ್ ಮಾಡಿ" ಎಂದರೆ ಅಕ್ಕಪಕ್ಕದವರೂ ಒಪ್ಪುತ್ತಾರೆ.

ಏನಾಗಿದೆ ಎಂದೇ ತಿಳಿಯದಿರುವ ಭಯ ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟರೆ ಮೈಗ್ರೇನ್, ಫಿಟ್ಸ್ ಎರಡೂ ಹೆಚ್ಚಾಗಬಹುದು. ಮಧ್ಯರಾತ್ರಿ ಮೊಬೈಲಿನಲ್ಲಿ ಲಕ್ಷಣ ಹುಡುಕುವ ಅಭ್ಯಾಸ ಬಿಡಿ. ಮನಸ್ಸು ಕುಸಿದರೆ, ಬದುಕೇ ಬೇಡ ಎನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಗೆ ಫೋನ್ ಮಾಡಿದರೆ ನಿಮ್ಮ ಕಾಲಿನ ಜೋಮು ಸುಳ್ಳಾಗುವುದಿಲ್ಲ. ಜೋಮೂ ನಿಜ, ಅದರಿಂದಾದ ದುಃಖವೂ ನಿಜ.

ಮನೆಯವರಿಗೆ ಒಂದು ಮಾತು

ನೀವು ಡಾಕ್ಟರ್ ಆಗಬೇಕಿಲ್ಲ. "ನನಗೆ ಅರ್ಥವಾಗುತ್ತಿಲ್ಲ, ಆದರೆ ನಿನಗೆ ಕಷ್ಟವಾಗುತ್ತಿದೆ ಅಂತ ಗೊತ್ತು" ಎಂದರೆ ಸಾಕು. ನೋಟ್‌ಬುಕ್ಕಿನಲ್ಲಿ ನೀವು ಕಂಡದ್ದನ್ನೂ ಒಂದೆರಡು ಸಾಲು ಬರೆಯಿರಿ. ಪ್ರಜ್ಞೆ ತಪ್ಪಿದವರಿಗೆ ತಮಗೇನಾಯಿತು ಎಂದು ತಿಳಿದಿರುವುದಿಲ್ಲ, ಅದನ್ನು ವೈದ್ಯರಿಗೆ ಹೇಳಬಲ್ಲವರು ನೋಡಿದವರು ಮಾತ್ರ.

ನೆನಪಿಡಿ

- ನಾರ್ಮಲ್ ರಿಪೋರ್ಟ್ ಎಂದರೆ ಕಾಯಿಲೆ ಸುಳ್ಳು ಎಂದಲ್ಲ.
- ಹಠಾತ್ತನೆ ಬಂದ ಲಕ್ಷಣಕ್ಕೆ 108, ನಿಧಾನದ ಲಕ್ಷಣಕ್ಕೆ ನೋಟ್‌ಬುಕ್.
- ಒಬ್ಬ ವೈದ್ಯರು, ಒಂದು ಫೈಲು, ಒಂದು ಹಾಳೆಯ ಸಾರಾಂಶ.
- ಹೆಸರಿಲ್ಲದ ಪುಡಿ ಬೇಡ, ನಡೆಯುತ್ತಿರುವ ಮಾತ್ರೆಯನ್ನು ತಾನಾಗಿ ನಿಲ್ಲಿಸುವುದು ಬೇಡ.

ಈ ಬರಹ ಮಾಹಿತಿಗಾಗಿ ಮಾತ್ರ, ವೈದ್ಯರ ತಪಾಸಣೆಗೆ ಬದಲಿಯಲ್ಲ. ನಿಮ್ಮ ಗ್ರೂಪಿನಲ್ಲಿ ಯಾರಾದರೂ "ಎಲ್ಲ ಟೆಸ್ಟೂ ನಾರ್ಮಲ್, ಆದರೂ ಆಗುತ್ತಿಲ್ಲ" ಎಂದು ಬರೆದಿದ್ದರೆ, ಪುಡಿಯ ವಿಡಿಯೊ ಬದಲು ಇದನ್ನು ಕಳಿಸಿ. ಕಳಿಸಿದ ಮೇಲೆ ಒಂದು ಫೋನೂ ಮಾಡಿ.